ಜರ್ಮನ್ ಕಲಿತರೆ ಏನು ಬಂತು?

ಪರೀಕ್ಷೆಯ ಫಲಿತಾಂಶ ಬಂದು ಅಂಕಪಟ್ಟಿ ಕೈಗೆ ಸಿಗುವ ಹೊತ್ತಿಗೆ ಮನೆಮನೆಯಲ್ಲೂ 'ಮುಂದೇನು' ಎಂಬ ಚರ್ಚೆ ಶುರುವಾಗುತ್ತದೆ. ಒಂದು ಕಾಲಕ್ಕೆ ಈ ಚರ್ಚೆ ಟೈಪಿಂಗ್, ಶಾರ್ಟ್‌ಹ್ಯಾಂಡ್‌ಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಕಂಪ್ಯೂಟರ್ ಕೋರ್ಸುಗಳ ಕಾಲ ಬಂತು. ಈಗ ಅದೇ ಜಾಗದಲ್ಲಿ ಜರ್ಮನ್ ಭಾಷೆ ಬಂದು ಕುಳಿತಿದೆ.

ದಾವಣಗೆರೆಯ ಒಂದು ಮನೆ ಎಂದಿಟ್ಟುಕೊಳ್ಳಿ. ತಂದೆಗೆ ಕಿರಾಣಿ ಅಂಗಡಿ. ಹಿರಿಯ ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಮಗಳು ಬಿ.ಎಸ್ಸಿ. ನರ್ಸಿಂಗ್. ಕಿರಿಯವನು ಸಿಬಿಎಸ್‌ಇ ಶಾಲೆಯಲ್ಲಿ ಆರನೇ ತರಗತಿ. ಮೂವರದೂ ಒಂದೇ ಬೇಡಿಕೆ: ಜರ್ಮನ್ ಕ್ಲಾಸು. 'ಅಣ್ಣನಿಗೆ ಕೊಡಿಸಿದರೆ ನನಗೂ ಕೊಡಿಸಬೇಕು ಅಪ್ಪಾ' ಎಂದು ಮಗಳ ಹಟ. 'ಮೂವರಿಗೂ ಫೀಸು ಕಟ್ಟೋಕೆ ನಾನೇನು ಅಡಿಕೆ ಮಂಡಿ ಇಟ್ಟಿದೀನಾ? ಒಬ್ಬರಿಗೆ ಕಟ್ಟಬಲ್ಲೆ' ಎಂದು ತಂದೆಯ ಉತ್ತರ. ಯಾರಿಗೆ ಕಟ್ಟಬೇಕು? ಇಂಥ ಹೊತ್ತಿನಲ್ಲಿ ಹೆಚ್ಚಿನ ಮನೆಗಳಲ್ಲಿ ಹಿರಿಯ ಮಗನ ಹೆಸರೇ ಮೊದಲು ಬರುತ್ತದೆ. ಅದು ಸರಿಯೇ ಎಂದು ನೋಡಬೇಕಾದರೆ ಮೊದಲು ಈ ಭಾಷೆಗೆ ತಗಲುವ ಸಮಯದ ಲೆಕ್ಕ ಹಾಕಬೇಕು.

ಎಷ್ಟು ದಿನದ ಕೆಲಸ?

ಯುರೋಪಿನ ಭಾಷೆಗಳನ್ನು ಕಲಿಯುವವರಿಗೆ ಆರು ಮೆಟ್ಟಿಲುಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಎಂದರೆ ಹೆಸರು, ಊರು ಹೇಳಿ ಅಂಗಡಿಯಲ್ಲಿ ಬೆಲೆ ಕೇಳುವಷ್ಟು. ಬಿ1ಕ್ಕೆ ಬಂದರೆ ದಿನನಿತ್ಯದ ವ್ಯವಹಾರ ನಡೆಯುತ್ತದೆ. ಬಿ2 ಮುಗಿಸಿದವರು ತಮ್ಮ ಉದ್ಯೋಗದ ವಿಷಯವನ್ನು ತಡವರಿಸದೆ ಚರ್ಚಿಸಬಲ್ಲರು. ಇಂಗ್ಲಿಷೇತರ ಪಾಠಗಳಿರುವ ವಿಶ್ವವಿದ್ಯಾಲಯ ಸೇರಲು ಸಾಮಾನ್ಯವಾಗಿ ಸಿ1ರ ಆಸುಪಾಸಿನ ಭಾಷೆ ಬೇಕು.

ಗಯಟೆ ಸಂಸ್ಥೆಯ ಅಂದಾಜಿನ ಪ್ರಕಾರ, ಏನೂ ಗೊತ್ತಿಲ್ಲದವರು ಬಿ2 ಮುಗಿಸಲು 45 ನಿಮಿಷದ 600ರಿಂದ 800 ಪಾಠಗಳು ಬೇಕು. ನಡುವಿನ 700 ಎಂದು ಹಿಡಿದರೆ 525 ಗಂಟೆ. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ಕ್ಲಾಸಿಗೆ ಹೋದರೆ ಸರಿಯಾಗಿ ಒಂದು ವರ್ಷ. ಶನಿವಾರ, ಭಾನುವಾರ ಮಾತ್ರ ಎರಡೆರಡು ಗಂಟೆ ಹೋಗುವವರಿಗೆ ಎರಡೂವರೆ ವರ್ಷ. ಮನೆಯಲ್ಲಿ ಕೂತು ಓದುವ ಸಮಯ ಇದರಲ್ಲಿ ಸೇರಿಲ್ಲ. 'ಮೂರು ತಿಂಗಳಲ್ಲಿ ಜರ್ಮನ್, ನಾಲ್ಕನೇ ತಿಂಗಳು ಉದ್ಯೋಗ' ಎಂಬ ಗೋಡೆಯ ಜಾಹೀರಾತು ನೋಡಿದಾಗ ಈ ಲೆಕ್ಕ ನೆನಪಿರಬೇಕು. ಮೂರು ತಿಂಗಳಲ್ಲಿ ಹೆಚ್ಚಿನವರು ಮೊದಲ ಒಂದೋ ಎರಡೋ ಮೆಟ್ಟಿಲು ಹತ್ತಿರುತ್ತಾರೆ, ಅಷ್ಟೆ.

ಇಲ್ಲೇ ಜರ್ಮನ್ ಕಲಿಕೆಯ ಮುಖ್ಯ ಗುಟ್ಟು ಇರುವುದು. ಇದು ಅರ್ಧ ಕಲಿತರೆ ಅರ್ಧ ಫಲ ಕೊಡುವ ವಿದ್ಯೆಯಲ್ಲ. ಬಾವಿ ತೋಡುವವನು ನೀರಿಗೆ ನಾಲ್ಕು ಅಡಿ ಮೇಲೆ ಕೆಲಸ ನಿಲ್ಲಿಸಿದರೆ ಉಳಿಯುವುದು ಗುಂಡಿ ಮಾತ್ರ. ನೀರು ಎಷ್ಟು ಆಳದಲ್ಲಿದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಮನೆಯ ಮೂರೂ ಮಕ್ಕಳಿಗೆ ಒಂದೇ ಉತ್ತರ ಸಲ್ಲದಿರುವುದು ಅದಕ್ಕೇ.

ಕನ್ನಡದವರಿಗೆ ಕಷ್ಟವೇ?

ಜರ್ಮನ್ ಬಲು ಕಠಿಣ ಎಂಬ ಹೆದರಿಕೆ ಹಲವರಿಗಿದೆ. ಅದು ಪೂರ್ತಿ ನಿಜವಲ್ಲ. ಇಂಗ್ಲಿಷಿಗಿಂತ ಇಲ್ಲಿ ಬರೆದಂತೆ ಓದುವ ನಿಯಮ ಗಟ್ಟಿಯಾಗಿದೆ. ಒಮ್ಮೆ ಉಚ್ಚಾರಣೆ ಹಿಡಿದರೆ ಹೊಸ ಪದವನ್ನೂ ಧೈರ್ಯವಾಗಿ ಓದಬಹುದು. ಶಾಲೆಯಲ್ಲಿ ಏಳು ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಜರ್ಮನ್‌ನ ನಾಲ್ಕು ವಿಭಕ್ತಿ ದೊಡ್ಡದಲ್ಲ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಎಂದರೆ ಇಂಗ್ಲಿಷರು ತಲೆ ಕೆರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಯಾವಾಗಲೂ ಕೊನೆಗೇ ಬರುವುದರಿಂದ ಇಲ್ಲಿನ ಮಕ್ಕಳಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ. ನೀನು, ನೀವು ಎಂಬ ಭೇದವೂ ಅಲ್ಲಿದೆ. 21ನ್ನು ಅವರು 'ಒಂದು ಮತ್ತು ಇಪ್ಪತ್ತು' ಎನ್ನುತ್ತಾರೆ. ಸಂಸ್ಕೃತದ ಏಕವಿಂಶತಿ ಗೊತ್ತಿದ್ದವರಿಗೆ ಅದೂ ಹೊಸದಲ್ಲ.

ಕಾಡುವುದು ಲಿಂಗ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. 'ಹುಡುಗಿ' ಎಂಬ ಪದವೂ ನಪುಂಸಕಲಿಂಗವೇ! ಡೆರ್, ಡೀ, ಡಾಸ್ ಎಂಬ ಮೂರರಲ್ಲಿ ಯಾವುದು ಎಂದು ಪ್ರತಿ ನಾಮಪದದ ಜೊತೆಗೇ ಕಲಿಯಬೇಕು. ಇದಕ್ಕೆ ಬುದ್ಧಿವಂತಿಕೆಗಿಂತ ದಿನಾ ಕೂತು ಓದುವ ಅಭ್ಯಾಸ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವವರಿಗೆ ಈ ಭಾಷೆ ಹೇಳಿದ್ದಲ್ಲ.

ಎಂಜಿನಿಯರ್ ಮಗ

ಜರ್ಮನಿಯಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಈಗ ಅತಿ ದೊಡ್ಡ ಗುಂಪು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅವರ ಸಂಖ್ಯೆ 49 ಸಾವಿರ ದಾಟಿತ್ತು. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದಿರುವುದು ಇದಕ್ಕೆ ಒಂದು ಕಾರಣ. ಎಲ್ಲ ಕಡೆ ಹಾಗಿಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನಾಚೆಯ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಶುಲ್ಕ ಇಲ್ಲದಿದ್ದರೂ ಊಟ, ಬಾಡಿಗೆಯ ಖರ್ಚಿಗೆ ಹಣವಿದೆ ಎಂದು ವೀಸಾಕ್ಕೆ ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೊಗೆ ಏರಿಸಲಾಯಿತು.

ಸ್ನಾತಕೋತ್ತರ ತಾಂತ್ರಿಕ ಕೋರ್ಸುಗಳು ಇಂಗ್ಲಿಷಿನಲ್ಲೂ ಬೇಕಾದಷ್ಟಿವೆ. ಹಾಗಾಗಿ ಹಿರಿಯ ಮಗ ಜರ್ಮನ್ ಬಾರದೆಯೂ ಸೀಟು ಪಡೆಯಬಹುದು. ತೊಡಕು ಶುರುವಾಗುವುದು ಆಮೇಲೆ. ಬಾಡಿಗೆ ಕರಾರು ಜರ್ಮನ್, ಕಚೇರಿಯ ಅರ್ಜಿ ಜರ್ಮನ್, ಬೇಕರಿಯಲ್ಲಿ ಅರೆಕಾಲಿಕ ಕೆಲಸ ಕೇಳಲು ಹೋದರೂ ಜರ್ಮನ್. ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಅಲ್ಲಿ 18 ತಿಂಗಳ ಅವಕಾಶವಿದೆ. ಬರ್ಲಿನ್‌ನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಗ್ಲಿಷ್ ನಡೆದೀತು. ಯಂತ್ರ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಗಳು ಸಣ್ಣ ಸಣ್ಣ ಊರುಗಳಲ್ಲಿ ಹರಡಿವೆ. ಅಲ್ಲಿ ಕೆಲಸಗಾರರ ಜೊತೆ ನಿಂತು ಮಾತಾಡಬೇಕಾದ ಎಂಜಿನಿಯರ್‌ಗೆ ಬಿ1, ಬಿ2 ಇಲ್ಲದೆ ಆಗದು. ಬ್ಲೂ ಕಾರ್ಡ್ ಪಡೆದವರಿಗೆ ಕಾಯಂ ವಾಸದ ಪರವಾನಗಿ ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೇ ಸಿಗುವ ನಿಯಮವೂ ಇದೆ.

ಬೆಂಗಳೂರಿನಲ್ಲೇ ಉಳಿಯುವುದಾದರೆ? ಬಾಷ್ ಕಂಪನಿ 'ಮೈಕೋ' ಎಂಬ ಹೆಸರಿನಲ್ಲಿ 1950ರ ದಶಕದಲ್ಲೇ ಆಡುಗೋಡಿಗೆ ಬಂದಿತ್ತು. ಸೀಮೆನ್ಸ್, ಸ್ಯಾಪ್, ಮರ್ಸಿಡಿಸ್ ಬೆಂಜ್ ಕಂಪನಿಗಳ ತಾಂತ್ರಿಕ ಕೇಂದ್ರಗಳೂ ಇಲ್ಲಿವೆ. ಆದರೆ ಇವುಗಳಲ್ಲಿ ದಿನದ ಕೆಲಸ ನಡೆಯುವುದು ಇಂಗ್ಲಿಷಿನಲ್ಲಿ. ಕೆಲಸ ಸಿಗುವುದು ಎಂಜಿನಿಯರಿಂಗ್ ಬಲದಿಂದ; ಜರ್ಮನ್ ಇದ್ದರೆ ಮುಖ್ಯ ಕಚೇರಿಯವರೊಡನೆ ಒಡನಾಟ ಸಲೀಸು. ಅಂದರೆ ಈ ಮಗನಿಗೆ ಜರ್ಮನ್ ಊಟದ ಜೊತೆಗಿನ ತುಪ್ಪ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಉಪವಾಸವಿಲ್ಲ.

ನರ್ಸಿಂಗ್ ಮಗಳು

ಮಗಳ ಮಾತು ಬೇರೆ. ಜರ್ಮನಿಯಲ್ಲಿ ವಯಸ್ಸಾದವರ ಸಂಖ್ಯೆ ಏರುತ್ತಿದೆ, ಆರೈಕೆ ಮಾಡುವ ಕೈಗಳು ಸಾಲುತ್ತಿಲ್ಲ. 2024ರ ಅಕ್ಟೋಬರಿನಲ್ಲಿ ದೆಹಲಿಗೆ ಬಂದಿದ್ದ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್, ನುರಿತ ಭಾರತೀಯ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಪ್ರಕಟಿಸಿದರು. ನರ್ಸ್‌ಗಳಿಗೆ ಬೇಡಿಕೆ ಇರುವುದು ನಿಜ.

ಆದರೆ ನರ್ಸ್ ಆಗಿ ಮಾನ್ಯತೆ ಪಡೆಯಲು ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಬಿ2 ಬೇಕೇ ಬೇಕು. ಬಿ1 ಮುಗಿಸಿದವರನ್ನು ಕರೆಸಿಕೊಂಡು ಉಳಿದದ್ದನ್ನು ಅಲ್ಲಿ ಕಲಿಸುವ ಪದ್ಧತಿಯೂ ಉಂಟು. ಈ ನಿಯಮ ಸುಮ್ಮನೆ ಮಾಡಿದ್ದಲ್ಲ. ರಾತ್ರಿ ಪಾಳಿಯಲ್ಲಿ ಎಂಬತ್ತು ವರ್ಷದ ಅಜ್ಜಿ 'ಎದೆ ಹಿಡಿದ ಹಾಗಾಗುತ್ತಿದೆ' ಎಂದಾಗ ನರ್ಸ್‌ಗೆ ಅದು ತಕ್ಷಣ ಅರ್ಥವಾಗಬೇಕು. ಬೆಳಗಿನ ಪಾಳಿಯವರಿಗೆ ಅದನ್ನು ತಪ್ಪಿಲ್ಲದೆ ಬರೆದಿಡಬೇಕು. ಇಲ್ಲಿ ಭಾಷೆಯೇ ಔಷಧದಷ್ಟು ಮುಖ್ಯ. ಆದ್ದರಿಂದ ಮಗಳಿಗೆ ಜರ್ಮನ್ ತುಪ್ಪವಲ್ಲ, ಅನ್ನ. ಅದಿಲ್ಲದೆ ಅಲ್ಲಿ ಅವಳ ಪದವಿ ನಡೆಯುವುದಿಲ್ಲ. ಅದಿದ್ದರೆ ಪದವಿಯ ಬೆಲೆ ಹಲವು ಪಟ್ಟು. ಹನ್ನೆರಡನೇ ತರಗತಿ ಮುಗಿಸಿ, ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯುವ 'ಔಸ್‌ಬಿಲ್ಡುಂಗ್' ತರಬೇತಿಗೆ ಹೋಗಬೇಕೆನ್ನುವ ಹುಡುಗ ಹುಡುಗಿಯರಿಗೂ ಇದೇ ಮಾತು. ಪಾಠ, ಪರೀಕ್ಷೆ, ಕಾರ್ಯಾಗಾರ ಎಲ್ಲವೂ ಜರ್ಮನ್‌ನಲ್ಲೇ ನಡೆಯುತ್ತವೆ.

ದಾರಿಯಲ್ಲಿ ಮಧ್ಯವರ್ತಿಗಳ ಕಾಟವಿದೆ. ಜರ್ಮನಿ ಸರ್ಕಾರದ 'ಟ್ರಿಪಲ್ ವಿನ್' ಯೋಜನೆಗೆ 2021ರ ಡಿಸೆಂಬರಿನಲ್ಲಿ ಕೇರಳ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ನರ್ಸ್‌ಗಳಿಂದ ನೇಮಕಾತಿಗೆಂದು ಹಣ ಪಡೆಯುವುದಿಲ್ಲ. ಅಂಥ ವ್ಯವಸ್ಥೆ ಇರುವಾಗ ಲಕ್ಷಗಟ್ಟಲೆ ಮುಂಗಡ ಕೇಳುವವರನ್ನು ಕಂಡರೆ ಪಾಲಕರು ಎರಡು ಹೆಜ್ಜೆ ಹಿಂದೆ ಸರಿಯುವುದು ಮೇಲು. ಕೆಲಸದ ಕರಾರು ಜರ್ಮನ್‌ನಲ್ಲಿರುತ್ತದೆ. ಅದನ್ನು ಓದಿ ತಿಳಿಯುವಷ್ಟು ಭಾಷೆ ಬಂದ ಮೇಲೆ ಸಹಿ ಹಾಕಿದರೆ ಮೋಸಹೋಗುವ ಭಯ ಕಡಿಮೆ.

ಆರನೇ ತರಗತಿಯ ಪೋರ

ಕಿರಿಯವನಿಗೆ ಅವಸರವಿಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಪ್ಪಂದದ ನಂತರ ಜರ್ಮನ್ ತೃತೀಯ ಭಾಷೆಯಾಗಿ ಬೆಳೆಯಿತು. 2014ರ ನವೆಂಬರಿನಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ, ಆ ಸ್ಥಾನಕ್ಕೆ ಸಂಸ್ಕೃತ ಬಂತು. ಸುಮಾರು 70 ಸಾವಿರ ಮಕ್ಕಳು ಅರ್ಧ ಕಲಿತ ಜರ್ಮನ್ ಹಿಡಿದು ನಿಂತರು. ಮೂರು ಭಾಷೆಗಳಲ್ಲಿ ಎರಡಾದರೂ ಭಾರತದವಾಗಿರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದ್ದರಿಂದ ಶಾಲೆಯ ಜರ್ಮನ್ ಎಲ್ಲಿಯವರೆಗೆ ಸಾಗುತ್ತದೆ ಎಂದು ವಿಚಾರಿಸದೆ ಅಂಕದ ಆಸೆಗೆ ಮಾತ್ರ ಆರಿಸಿಕೊಳ್ಳುವುದು ಜಾಣತನವಲ್ಲ. ಎಂಟನೇ ತರಗತಿಗೆ ಬಿಟ್ಟ ಭಾಷೆ ಹತ್ತನೇ ತರಗತಿಗೆ ಮರೆತಿರುತ್ತದೆ. ಈ ವಯಸ್ಸಿನಲ್ಲಿ ಕನ್ನಡ, ಇಂಗ್ಲಿಷ್ ಎರಡರ ವ್ಯಾಕರಣ ಗಟ್ಟಿಯಾದರೆ ಮುಂದೆ ಯಾವ ಭಾಷೆಗಾದರೂ ಅದೇ ಬುನಾದಿ.

ಹಾಗಾದರೆ ದಾವಣಗೆರೆಯ ತಂದೆ ಕೈಲಿರುವ ಹಣವನ್ನು ಮೊದಲು ಮಗಳಿಗಾಗಿ ಕಟ್ಟಬೇಕು. ಅವಳಿಗೆ ವಿದೇಶಕ್ಕೆ ಹೋಗುವ ಮನಸ್ಸಿದ್ದರೆ ಮಾತ್ರ, ಮತ್ತು ಬಿ2ವರೆಗೆ ಬಿಡದೆ ಕಲಿಯುವ ಕರಾರಿನ ಮೇಲೆ. ಅದೂ ಒಟ್ಟು ಹಣವನ್ನು ಒಂದೇ ಸಲ ಕಟ್ಟುವುದು ಬೇಡ. ಎ1 ಮುಗಿಸಿ, ಮಾನ್ಯತೆಯಿರುವ ಪರೀಕ್ಷೆ ಬರೆಯಲಿ. ಗಯಟೆ ಸಂಸ್ಥೆಯ ಪರೀಕ್ಷೆಯಲ್ಲಿ ನೂರಕ್ಕೆ 60 ಬಂದರೆ ಪಾಸು. ಆ ಫಲಿತಾಂಶ ಹಿಡಿದು ಮನೆಯವರೆಲ್ಲ ಮತ್ತೆ ಕೂತು ಮಾತಾಡಲಿ. ಈ ಸಂಸ್ಥೆಗೆ ಭಾರತದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಹೆಸರು. ಬೆಂಗಳೂರಿನಲ್ಲಿ ಅದು 1960ರಿಂದಲೂ ಇದೆ. ಅಣ್ಣ ಕೆಲಸಕ್ಕೆ ಸೇರಿ ತನ್ನ ಸಂಬಳದಲ್ಲಿ ಕಲಿಯಬಹುದು, ಅಥವಾ ಸಂಜೆ ತಂಗಿಯ ಪುಸ್ತಕ ಹಿಡಿದು ಅವಳಿಂದಲೇ ಪಾಠ ಹೇಳಿಸಿಕೊಳ್ಳಬಹುದು.

ಭಾಷೆಯನ್ನು ಕೊನೆ ಮುಟ್ಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಸಾಕ್ಷಿಯಿದೆ. 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್ ಎಂಬ ಜರ್ಮನ್ ಪಾದ್ರಿಗೆ ಕನ್ನಡ ಪರಭಾಷೆ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ನಾಲ್ಕು ದಶಕಗಳು ಸರಿದಿದ್ದವು. ಮೂರು ತಿಂಗಳಿಗೆ ಸಾಕು ಎಂದು ಅವರು ಎದ್ದು ಹೋಗಿದ್ದರೆ ಕನ್ನಡಕ್ಕೆ ಆ ನಿಘಂಟು ಇರುತ್ತಿರಲಿಲ್ಲ. ದಾವಣಗೆರೆಯ ಮಗಳಿಗೆ ನಾಲ್ಕು ದಶಕ ಬೇಕಿಲ್ಲ. ದಿನಕ್ಕೆ ಎರಡು ಗಂಟೆಯಂತೆ ಒಂದು ವರ್ಷ ಸಾಕು. ಆದರೆ ಆ ವರ್ಷ ಪೂರ್ತಿ ಆಗಬೇಕು.