ಮೂರನೇ ಪಿನ್ ಬೇಕೇ ಬೇಕು

ನಿಮ್ಮ ಮನೇಲೂ ಊರಿಂದ ತಂದ ಗ್ರೈಂಡರ್ ಇದೆಯಾ? ಭಾರತದಲ್ಲಿ ಕರೆಂಟು 230 ವೋಲ್ಟ್, ಇಲ್ಲಿ ಅಮೆರಿಕದಲ್ಲಿ 120. ಹಾಗಾಗಿ ನಾವು ಟ್ರಾನ್ಸ್‌ಫಾರ್ಮರ್ ಇಟ್ಟು ದೋಸೆಹಿಟ್ಟು ರುಬ್ಬುತ್ತೇವೆ. ಆದರೆ ಮೂರು ಪಿನ್ನಿನ ಪ್ಲಗ್ಗನ್ನು ಎರಡೇ ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದೆವು. ಒಂದು ದಿನ ಗ್ರೈಂಡರ್ ಮುಟ್ಟಿದ ಅಮ್ಮನ ಕೈ ಜುಮ್ ಅಂತು!

ದಪ್ಪಗಿರುವ ಆ ಮೂರನೇ ಪಿನ್ನೇ ಅರ್ಥಿಂಗ್. ಒಳಗಿನ ವೈರು ಕಿತ್ತು ಸ್ಟೀಲ್ ಮೈಗೆ ತಾಗಿದರೆ, ಕರೆಂಟು ಆ ದಾರಿಯಲ್ಲಿ ಹೋಗಿ ಬ್ರೇಕರ್ ಬೀಳುತ್ತದೆ. ಆ ದಾರಿ ಇಲ್ಲದಿದ್ದರೆ ನಮ್ಮ ಮೈಯೇ ದಾರಿ.

"ಇಷ್ಟು ದಿನ ಏನೂ ಆಗಿಲ್ವಲ್ಲ" ಅಂತಾರೆ ದೊಡ್ಡವರು. ಎಲ್ಲದಕ್ಕೂ ಅಡ್ಜಸ್ಟ್ ಮಾಡ್ಕೋಬಹುದು, ಇದಕ್ಕೆ ಮಾತ್ರ ಬೇಡ. ನಾವು ಗ್ರೈಂಡರ್ ರಿಪೇರಿ ಮಾಡಿಸಿ, ಅಡಾಪ್ಟರನ್ನೂ ಬದಲಾಯಿಸಿದೆವು. ಗೆಳೆಯರೇ, ನಿಮ್ಮ ಅಡುಗೆಮನೆಯಲ್ಲೂ ಇವತ್ತೇ ನೋಡಿ. ಗ್ರೈಂಡರಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ನೀವು ಮುಟ್ಟಬೇಡಿ, ಅಪ್ಪ ಅಮ್ಮನಿಗೆ ತೋರಿಸಿ.