ಕಟ್ಟಡಗಳು ಎದ್ದಿವೆ, ವಿದ್ವತ್ತು ಬೆಳೆಯಲಿ

ಕಾಲೇಜುಗಳನ್ನು ಕಟ್ಟುವುದರಲ್ಲಿ ರಾಜ್ಯದ ಮುಸ್ಲಿಮ್ ಸಮುದಾಯವು ಹಿಂದೆ ಬಿದ್ದಿಲ್ಲ. 1919ರಲ್ಲಿ ಭಟ್ಕಳದಲ್ಲಿ ಸ್ಥಾಪನೆಯಾದ ಅಂಜುಮನ್, 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಆರಂಭಿಸಿದ ಅಲ್ ಅಮೀನ್ ಮುಂತಾದ ಸಂಸ್ಥೆಗಳು ಅಸಂಖ್ಯ ಮನೆಗಳಿಗೆ ಪ್ರಥಮ ಪದವೀಧರರನ್ನು ನೀಡಿವೆ. ಆ ತ್ಯಾಗವನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಪದವೀಧರರನ್ನು ತಯಾರಿಸುವುದು ಬೇರೆ, ವಿದ್ವಾಂಸರನ್ನು ಬೆಳೆಸುವುದು ಬೇರೆ.

2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 14.2. ಆದರೆ 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಪಾಲು ಕೇವಲ ಶೇ. 4.6. ಹೀಗಿರುವಾಗ, ಅಲ್ಪಸಂಖ್ಯಾತ ಸಂಶೋಧನಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸುವುದಾಗಿ ಕೇಂದ್ರ ಸರಕಾರವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಪುನರಾರಂಭಿಸುವಂತೆ ಆಗ್ರಹಿಸುತ್ತಲೇ ಇರಬೇಕು.

ಆದರೆ ಸರಕಾರವನ್ನು ದೂರಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ. ವೇದಿಕೆಗಳಲ್ಲಿ ಇಬ್ನು ಸೀನಾ, ಇಬ್ನುಲ್ ಹೈಸಮ್‌ರ ಹೆಸರು ಹೇಳಿ ಹೆಮ್ಮೆ ಪಡುವ ನಾವು, ನಮ್ಮದೇ ಕಾಲೇಜಿನ ಗ್ರಂಥಾಲಯದ ಬಾಗಿಲು ಸಂಜೆ ಎಷ್ಟು ಗಂಟೆಗೆ ಮುಚ್ಚುತ್ತದೆಂದು ವಿಚಾರಿಸಿದ್ದೇವೆಯೇ? ತರಗತಿ, ಪ್ರವೇಶಾತಿ, ಪರೀಕ್ಷೆ, ಸಮಾರಂಭ ಎಂದು ಉಪನ್ಯಾಸಕನ ದಿನವನ್ನೆಲ್ಲ ಕಸಿದುಕೊಂಡು, ಆತ ಸಂಶೋಧನೆ ಮಾಡಲಿಲ್ಲವೆಂದು ಆಕ್ಷೇಪಿಸುವುದು ನ್ಯಾಯವಲ್ಲ.

ಸಂಶೋಧನೆಯು ವಿಶ್ವವಿದ್ಯಾನಿಲಯಗಳಿಗೆ ಮೀಸಲೆಂಬ ನೆಪವೂ ಈಗ ಉಳಿದಿಲ್ಲ. ಅರ್ಹ ಮಾರ್ಗದರ್ಶಕರು ಮತ್ತು ಅಗತ್ಯ ಸೌಲಭ್ಯಗಳಿದ್ದರೆ ಸ್ನಾತಕೋತ್ತರ ತರಗತಿಗಳಿರುವ ಕಾಲೇಜುಗಳೂ ಪಿಎಚ್‌ಡಿ ಅಧ್ಯಯನ ನಡೆಸಲು ಯುಜಿಸಿಯ 2022ರ ನಿಯಮಾವಳಿಯು ಅವಕಾಶ ನೀಡಿದೆ. ವಸ್ತುವಿಗೂ ಬರವಿಲ್ಲ. ಕರಾವಳಿಯ ಬ್ಯಾರಿ ಭಾಷೆ, ಭಟ್ಕಳದ ನವಾಯತಿ, ಕಲಬುರಗಿ-ವಿಜಯಪುರದ ದಖ್ಖನಿ ಪರಂಪರೆ, ಬೀಡಿ ಕಟ್ಟುವ ಮಹಿಳೆಯರ ಆರೋಗ್ಯ, ವಕ್ಫ್ ದಾಖಲೆಗಳು ಎಲ್ಲವೂ ಕಾಲೇಜಿನ ಅಂಗಳದಾಚೆಗೇ ಇವೆ. ನಮ್ಮ ಸ್ಥಿತಿಗತಿಯನ್ನು ತಿಳಿಯಲು 2006ರ ಸಾಚಾರ್ ವರದಿಯನ್ನೇ ಇಂದಿಗೂ ತಿರುವಿ ಹಾಕುವ ಸಮುದಾಯವು, ತನ್ನ ಕುರಿತು ತಾನೇ ಅಧ್ಯಯನ ನಡೆಸದಿದ್ದರೆ, ಇತರರು ಬರೆದುದಕ್ಕೆ ಪ್ರತಿಕ್ರಿಯಿಸುತ್ತಲೇ ಕಾಲ ಕಳೆಯಬೇಕಾದೀತು.

ಆದ್ದರಿಂದ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಆಯವ್ಯಯದಲ್ಲಿ ಹೊಸ ಮಹಡಿಗಿಂತ ಮೊದಲು ಸಂಶೋಧನಾ ನಿಧಿಗೆ ಒಂದು ಸಾಲು ಇರಲಿ. ಅಧ್ಯಯನನಿರತ ಉಪನ್ಯಾಸಕರ ಬೋಧನಾ ಅವಧಿ ಕಡಿಮೆಯಾಗಲಿ. ವರ್ಷಕ್ಕೊಂದಾದರೂ ಗಂಭೀರ ಅಧ್ಯಯನವು ಕನ್ನಡದಲ್ಲಿ ಪ್ರಕಟವಾಗಲಿ. ಓದಿನ ಆಜ್ಞೆಯೊಂದಿಗೆ ಅವತೀರ್ಣವಾಗತೊಡಗಿದ ಗ್ರಂಥದ ಅನುಯಾಯಿಗಳಿಗೆ ಇದು ಭಾರವಾಗಬಾರದು.