ಊರಿನ ಸುರಕ್ಷತೆ ಯಾರ ಹೊಣೆ? ಬಸದಿ, ವಿಹಾರ, ಅಂಗಡಿ ಬೀದಿಗಳ ದೃಷ್ಟಿಯಿಂದ ಒಂದು ಅವಲೋಕನ

ಬಸದಿಯಲ್ಲಿ ಕಳವಾದರೆ, ಅಂಗಡಿಯ ಬೀಗ ಒಡೆದರೆ, ವಿಹಾರದಲ್ಲಿದ್ದ ಮುನಿಗಳಿಗೆ ವಾಹನ ತಗುಲಿದರೆ ಸಮಾಜದಿಂದ ಕೇಳಿಬರುವ ಬೇಡಿಕೆ ಬಹುಮಟ್ಟಿಗೆ ಒಂದೇ: ಪೊಲೀಸ್ ರಕ್ಷಣೆ ಕೊಡಿ, ಕ್ಯಾಮೆರಾ ಹಾಕಿಸಿ. ಮನವಿ ಪತ್ರ ಸಲ್ಲಿಕೆಯಾಗುತ್ತದೆ, ಅಧಿಕಾರಿಗಳು ಭರವಸೆ ಕೊಡುತ್ತಾರೆ, ಕೆಲವು ದಿನ ಗಸ್ತು ಹೆಚ್ಚುತ್ತದೆ. ಆರು ತಿಂಗಳಾದ ಮೇಲೆ ನೋಡಿದರೆ ಬಸದಿಯ ತಿರುವಿನ ಬೀದಿ ದೀಪ ಮೊದಲಿನಂತೆಯೇ ಕೆಟ್ಟು ನಿಂತಿರುತ್ತದೆ. ಸುರಕ್ಷತೆಯ ಬಗ್ಗೆ ನಮ್ಮ ಸ್ಥಳೀಯ ಆಡಳಿತದ ನೀತಿ ಏನು ಎಂದು ಕೇಳಬೇಕಾದದ್ದು ಇಲ್ಲಿಯೇ.

ಮೂರು ಬಾಗಿಲು, ಒಂದು ದೂರು

ಕಾನೂನು ಸುವ್ಯವಸ್ಥೆ ರಾಜ್ಯದ ಪೊಲೀಸ್ ಇಲಾಖೆಯ ಕೆಲಸ. ಬೀದಿ ದೀಪ ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಕೆಲಸ. ರಸ್ತೆ ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿಯಾದರೆ ಅದಕ್ಕೆ ಬೇರೆ ಪ್ರಾಧಿಕಾರ. ಕಳ್ಳನಿಗೆ ಅನುಕೂಲವಾಗುವುದು ಕತ್ತಲೆ, ಪಾಳು ಮನೆ, ಬೇಲಿಯಿಲ್ಲದ ಖಾಲಿ ನಿವೇಶನ. ಇವೆಲ್ಲ ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಬರುತ್ತವೆ. ಕಳವಾದ ಮೇಲೆ ಜನ ಹೋಗುವುದು ಮಾತ್ರ ಪೊಲೀಸ್ ಠಾಣೆಗೆ. ಈ ಎರಡು ಕಚೇರಿಗಳು ಒಂದೇ ಮೇಜಿನ ಮುಂದೆ ಕೂತು, ಈ ವಾರ್ಡಿನಲ್ಲಿ ಅಪರಾಧ ಎಲ್ಲಿ ಆಗುತ್ತಿದೆ, ಏಕೆ ಆಗುತ್ತಿದೆ, ಯಾರು ಏನು ಮಾಡಬೇಕು ಎಂದು ಬರೆದಿಡುವ ಪದ್ಧತಿ ನಮ್ಮ ಊರುಗಳಲ್ಲಿ ರೂಢಿಯಲ್ಲಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೊಂದು ಕಾಯ್ದೆಯೇ ಇದೆ. 1998ರ ಅಪರಾಧ ಮತ್ತು ಅಶಾಂತಿ ಕಾಯ್ದೆಯ ಪ್ರಕಾರ ಸ್ಥಳೀಯ ಕೌನ್ಸಿಲ್, ಪೊಲೀಸ್, ಅಗ್ನಿಶಾಮಕ, ಆರೋಗ್ಯ ಮುಂತಾದ ಸಂಸ್ಥೆಗಳು ಸೇರಿ ತಮ್ಮ ಪ್ರದೇಶದ ಅಪರಾಧ ತಡೆ ಯೋಜನೆಯನ್ನು ರೂಪಿಸಲೇಬೇಕು. ಮೊದಲು ಸ್ಥಿತಿಗತಿಯ ಪರಿಶೀಲನೆ, ಜನರ ಅಭಿಪ್ರಾಯ ಸಂಗ್ರಹ, ಆಮೇಲೆ ಯೋಜನೆ, ಕಾಲಕಾಲಕ್ಕೆ ಮರುಪರಿಶೀಲನೆ. ಅದೇ ಕಾಯ್ದೆಯ 17ನೇ ಕಲಂ ಇನ್ನೂ ಮುಖ್ಯ. ಕೌನ್ಸಿಲ್ ಯಾವ ಕೆಲಸ ಮಾಡಿದರೂ ಅದರಿಂದ ಅಪರಾಧದ ಮೇಲೆ ಆಗುವ ಪರಿಣಾಮವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತದೆ ಅದು. ದೀಪ ಆರಿಸಿ ವಿದ್ಯುತ್ ಉಳಿಸುವ ತೀರ್ಮಾನವನ್ನೂ ಈ ದೃಷ್ಟಿಯಿಂದ ನೋಡಬೇಕಾಗುತ್ತದೆ. ಜಿನಾಲಯವಿರುವ ಲೆಸ್ಟರ್ ನಗರದ ಶ್ರಾವಕರು ಕೌನ್ಸಿಲಿಗೆ ಹೋಗಿ 'ನಿಮ್ಮ ಯೋಜನೆಯಲ್ಲಿ ಪೂಜಾಸ್ಥಳಗಳಿಗೆ ಏನಿದೆ' ಎಂದು ಕೇಳಬಹುದು. ಕೇಳಲು ಅಲ್ಲೊಂದು ಬರಹವಿದೆ.

ನಮ್ಮಲ್ಲಿ ಇರುವ ಸಾಧನಗಳು

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಕಾಯ್ದೆಯ ಪ್ರಕಾರ, ಒಂದೇ ಸಮಯಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಾಧ್ಯತೆಯಿರುವ ಸ್ಥಳಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 30 ದಿನ ಉಳಿಸಬೇಕು. ಅಂಗಡಿ, ಆಸ್ಪತ್ರೆ, ಶಾಲೆಗಳ ಜೊತೆ ಧಾರ್ಮಿಕ ಸ್ಥಳಗಳೂ ಇದರಲ್ಲಿ ಸೇರಿವೆ. ದಶಲಕ್ಷಣ ಪರ್ವದಲ್ಲಿ ನೂರು ಜನ ಸೇರದ ಪಟ್ಟಣದ ಬಸದಿ ಕಡಿಮೆ. ಎಷ್ಟು ಟ್ರಸ್ಟ್‌ಗಳು ಈ ಕಾಯ್ದೆಯನ್ನು ಓದಿವೆ ಎಂಬುದು ಪ್ರತಿ ಸಮಿತಿಯೂ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಅದೇ 2017ರಲ್ಲಿ ಪೊಲೀಸ್ ಇಲಾಖೆ ಸುಧಾರಿತ ಬೀಟ್ ಪದ್ಧತಿಯನ್ನು ಜಾರಿಗೆ ತಂದಿತು. ಠಾಣೆಯ ವ್ಯಾಪ್ತಿಯನ್ನು ಹಂಚಿ ಒಂದೊಂದು ಬೀಟಿಗೆ ಒಬ್ಬೊಬ್ಬ ಸಿಬ್ಬಂದಿ, ಅವರೊಡನೆ ಆ ಪ್ರದೇಶದ ನಾಗರಿಕರು. 2025ರಲ್ಲಿ ಮನೆ ಮನೆಗೆ ಪೊಲೀಸ್ ಕಾರ್ಯಕ್ರಮ ಬಂದಿತು. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮೆರಾಗಳು ಬಂದಿವೆ. ತುರ್ತು ಕರೆಗೆ 112, ಆನ್‌ಲೈನ್ ವಂಚನೆಗೆ 1930 ಇವೆ.

ಇವುಗಳಲ್ಲಿ ಬೀಟ್ ಪದ್ಧತಿಯೇ ಅತ್ಯಂತ ಉಪಯುಕ್ತ. ಆದರೆ ಅದಕ್ಕೆ ಸಿಕ್ಕ ಗಮನ ಕಡಿಮೆ. ಕ್ಯಾಮೆರಾ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆ ಮಾಡಬಹುದು, ದಾನಿಗಳ ಹೆಸರು ಬರೆಸಬಹುದು. ಬೀಟ್ ಸಿಬ್ಬಂದಿಯ ಪರಿಚಯ ಹಾಗಲ್ಲ. ತಿಂಗಳಿಗೊಮ್ಮೆ ಯಾರಾದರೂ ಹೋಗಿ ಮಾತನಾಡಬೇಕು, ವರ್ಗಾವಣೆಯಾದರೆ ಹೊಸಬರನ್ನು ಕಂಡು ಮತ್ತೆ ಮೊದಲಿನಿಂದ ಹೇಳಬೇಕು. ಅದಕ್ಕೆ ಬೇಕಾದದ್ದು ಸಮಯ. ಸಮಾಜ ಹಣ ಕೊಡುವಷ್ಟು ಸುಲಭವಾಗಿ ಸಮಯ ಕೊಡುವುದಿಲ್ಲ.

ಎರಡು ಘಟನೆಗಳು ಹೇಳುವುದೇನು?

2013ರ ಜುಲೈನಲ್ಲಿ ಮೂಡುಬಿದಿರೆಯ ಗುರುಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದವು. ಧವಲ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ ಬಸದಿ ಅದು. ಇಡೀ ಸಮಾಜ ತಲ್ಲಣಿಸಿತು. ಹೆಸರಾಂತ ಕ್ಷೇತ್ರಕ್ಕೇ ಈ ಗತಿಯಾದರೆ, ದಿನಕ್ಕೊಮ್ಮೆ ಇಂದ್ರರು ಬಂದು ಪೂಜೆ ಮಾಡಿ ಬೀಗ ಹಾಕಿ ಹೋಗುವ ಹಳ್ಳಿಯ ಬಸದಿಯ ಪಾಡೇನು? ಅಂಥ ಕಡೆ ಕಳವಾದ ಬಿಂಬ ಮುಂದೆ ಎಲ್ಲಾದರೂ ಸಿಕ್ಕಿದರೂ, ಅದು ನಮ್ಮದೇ ಎಂದು ತೋರಿಸಲು ದಾಖಲೆ ಬೇಕು. ಪ್ರತಿ ಬಿಂಬದ ನಾಲ್ಕು ಕಡೆಯ ಫೋಟೊ, ಎತ್ತರ, ತೂಕ, ಪೀಠದ ಲಾಂಛನ, ಶಾಸನವಿದ್ದರೆ ಅದರ ನಕಲು. ಇವನ್ನು ಬರೆದಿಟ್ಟ ಪುಸ್ತಕದ ಒಂದು ಪ್ರತಿ ಬಸದಿಯಿಂದ ಹೊರಗೆ ಬೇರೆ ಕಡೆ ಇರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ನೂರು ವರ್ಷ ದಾಟಿದ ಲೋಹ, ಶಿಲಾ ವಿಗ್ರಹಗಳ ನೋಂದಣಿಗೆ ಅವಕಾಶ ಮಾಡಿದೆ. ಈ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ಒಂದು ಮೊಬೈಲ್, ಒಂದು ಟೇಪು, ಇಬ್ಬರು ಯುವಕರು, ಒಂದು ಭಾನುವಾರ ಸಾಕು.

ಎರಡನೆಯದು ಇನ್ನೂ ನೋವಿನದು. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಶ್ರಮದಲ್ಲಿದ್ದ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾಯಿತು. ಬಂಧಿತರಲ್ಲಿ ಒಬ್ಬ ಆಶ್ರಮಕ್ಕೆ ಪರಿಚಿತನೇ ಆಗಿದ್ದನೆಂದೂ, ಹಣದ ವ್ಯವಹಾರ ಕಾರಣವೆಂದೂ ಪೊಲೀಸರು ಹೇಳಿದರು. ರಾಜ್ಯದಾದ್ಯಂತ ಪ್ರತಿಭಟನೆ ನಡೆಯಿತು, ಗೃಹ ಸಚಿವರು ವರೂರಿಗೆ ಬಂದು ಮುನಿಗಳ ರಕ್ಷಣೆಯ ಭರವಸೆ ಕೊಟ್ಟರು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಒಳಗೆ ಬಂದು ಹೋಗುವ ಪರಿಚಿತನನ್ನು ಗೇಟಿನ ಪೊಲೀಸ್ ತಡೆಯಲಾರ. ತ್ಯಾಗಿಗಳ ಸುತ್ತ ಹಣದ ವ್ಯವಹಾರವೇ ಸುಳಿಯದಂತೆ ಲೆಕ್ಕವನ್ನು ಶ್ರಾವಕರ ಸಮಿತಿ ಹೊರುವುದು, ಬೆಳಗ್ಗೆ ಸಂಜೆ ದರ್ಶನಕ್ಕೆ ಹೋಗುವ ಸರದಿಯನ್ನು ಸುತ್ತಲ ಮನೆಗಳು ಇಟ್ಟುಕೊಳ್ಳುವುದು, ಇವು ಸರ್ಕಾರ ಕೊಡಲಾಗದ ರಕ್ಷಣೆಗಳು.

ವಿಹಾರದ ಹಾದಿ

ಮುನಿಗಳೂ ಮಾತಾಜಿಯವರೂ ಸಾಧು ಸಾಧ್ವಿಯರೂ ವಾಹನ ಹತ್ತುವುದಿಲ್ಲ. ಬಿಸಿಲೇರುವ ಮುನ್ನ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಾರೆ. ರಾತ್ರಿಯಿಡೀ ಓಡಿಸಿದ ಚಾಲಕನಿಗೆ ತೂಕಡಿಕೆ ಬರುವ ಹೊತ್ತೂ ಅದೇ. ಇದು ಅಪರಾಧಕ್ಕಿಂತ ಮೊದಲು ರಸ್ತೆಯ ಪ್ರಶ್ನೆ. ಮುಂದಿನ ಊರಿನ ಸಂಘಕ್ಕೆ, ಠಾಣೆಗೆ, ಪಂಚಾಯಿತಿಗೆ ಹಿಂದಿನ ದಿನವೇ ತಿಳಿಸುವುದು, ಜೊತೆಗೆ ನಡೆಯುವವರು ಪ್ರತಿಫಲಿಸುವ ಅಂಗಿ ತೊಡುವುದು, ಹಿಂದೆ ದೀಪ ಹಾಕಿದ ವಾಹನವೊಂದು ನಿಧಾನವಾಗಿ ಬರುವುದು ಈಗಲೂ ಕೆಲವು ಸಂಘಗಳು ಪಾಲಿಸುವ ಕ್ರಮ. ಎಲ್ಲ ಕಡೆಯೂ ಇದು ನಿಯಮವಾಗಬೇಕು. ಅದೇ ರಸ್ತೆಯ ಅಂಚಿನಲ್ಲಿ ಶಾಲೆಗೆ ಹೋಗುವ ಮಕ್ಕಳೂ ಹಾಲಿನ ಕ್ಯಾನು ಹೊತ್ತವರೂ ನಡೆಯುತ್ತಾರೆ. ನಡೆಯುವವರಿಗೆ ಜಾಗ ಬಿಡಿ ಎಂದು ಕೇಳಿದರೆ ಇಡೀ ಊರಿನ ಪರವಾಗಿ ಕೇಳಿದಂತೆ.

ಕೇಳಬೇಕಾದದ್ದು ಏನು?

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಆ ಸಭೆಗಳಲ್ಲಿ ನಮ್ಮವರ ಹಾಜರಿ ತೀರ ಕಡಿಮೆ. ಅಲ್ಲಿಗೆ ಹೋಗಿ ಇಡಬಹುದಾದ ಬೇಡಿಕೆಗಳು ಇವು:

1. ಕೆಟ್ಟ ಬೀದಿ ದೀಪಗಳ ಪಟ್ಟಿ, ಸರಿಪಡಿಸುವ ದಿನಾಂಕ ಸಮೇತ.
2. ಪೂಜಾಸ್ಥಳ, ಶಾಲೆ, ಸಂತೆ ಬೀದಿಗಳ ಸುತ್ತ ಪೊಲೀಸ್ ಮತ್ತು ಪಂಚಾಯಿತಿ ಒಟ್ಟಿಗೆ ಮಾಡುವ ಸ್ಥಳ ಪರಿಶೀಲನೆ.
3. ಬೀಟ್ ಸಿಬ್ಬಂದಿಯ ಹೆಸರು, ಫೋನ್ ಸಂಖ್ಯೆಯ ಫಲಕ.
4. ಒಂಟಿಯಾಗಿರುವ ಹಿರಿಯರ ಮನೆಗಳಿಗೂ, ಯಾತ್ರೆಗೆಂದು ಬೀಗ ಹಾಕಿದ ಮನೆಗಳಿಗೂ ಗಸ್ತು.
5. ವರ್ಷಕ್ಕೊಮ್ಮೆ, ಹೇಳಿದ್ದರಲ್ಲಿ ಎಷ್ಟಾಯಿತು ಎಂಬ ಲಿಖಿತ ವರದಿ.

ಪಟ್ಟಣಗಳಲ್ಲಿ ಇದೇ ಪಟ್ಟಿಯನ್ನು ವಾರ್ಡಿನ ಸದಸ್ಯರ ಮೂಲಕ ಪುರಸಭೆಯ ಮುಂದಿಡಬಹುದು.

ಒಂದು ಎಚ್ಚರಿಕೆಯೂ ಬೇಕು. ಸುರಕ್ಷತೆಯ ಹೆಸರಿನಲ್ಲಿ ಕೂಲಿಗೆ ಬಂದವರನ್ನು, ಬೇರೆ ಭಾಷೆಯವರನ್ನು, ಬೇರೆ ಜಾತಿ ಧರ್ಮದವರನ್ನು ಅನುಮಾನಿಸುವ ಚಾಳಿ ಬೆಳೆಯಬಾರದು. ಕೆಲಸಕ್ಕೆ ಸೇರಿಸುವಾಗ ವಿಳಾಸ, ಗುರುತಿನ ಚೀಟಿ ಪಡೆಯುವುದು ವ್ಯವಹಾರದ ಶಿಸ್ತು. ಆಧಾರವಿಲ್ಲದೆ ಒಬ್ಬನನ್ನು ಕಳ್ಳನೆಂದು ಹೇಳುವುದು ಮಾತಿನ ಹಿಂಸೆ. ಬಸದಿಯ ಕ್ಯಾಮೆರಾದಲ್ಲಿ ಕಂಡ ಮುಖವನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಬಿಡುವುದೂ ಅದೇ. ಅಂಥ ದೃಶ್ಯ ಪೊಲೀಸರಿಗೆ ಹೋಗಬೇಕೇ ಹೊರತು ಊರಿಗಲ್ಲ.

ಜೈನರು ಬಹುತೇಕ ಊರುಗಳಲ್ಲಿ ಕೆಲವೇ ಮನೆಗಳವರು. ಅಷ್ಟು ಮನೆಗಳಿಗೆ ಪ್ರತ್ಯೇಕ ಕಾವಲು ಯಾವ ಸರ್ಕಾರವೂ ಬಹಳ ದಿನ ಕೊಡಲಾರದು. ಊರಿಗೆಲ್ಲ ದೀಪ ಉರಿದರೆ ಬಸದಿಯ ಮುಂದೆಯೂ ಉರಿಯುತ್ತದೆ. ಮುಂಜಾನೆ ಐದೂವರೆಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಅಕ್ಕಿ ಬಟ್ಟಲು ಹಿಡಿದು ಒಬ್ಬರೇ ಬಸದಿಗೆ ನಡೆದು ಹೋಗಿ ಬರಬಹುದಾದರೆ ಆ ಊರಿನ ಸುರಕ್ಷತಾ ನೀತಿ ಸರಿಯಿದೆ ಎಂದು ತಿಳಿಯಬಹುದು. ಹೋಗಲಾಗದಿದ್ದರೆ ಮುಂದಿನ ವಾರ್ಡ್ ಸಭೆ ಯಾವಾಗ ಎಂದು ಇಂದೇ ವಿಚಾರಿಸಬೇಕು.

ಜೈ ಜಿನೇಂದ್ರ.